ಲಾ ಬ್ರೊಸ್‌ನ ಉಪ್ಪುತೊಟ್ಟಿ

ಲಾ ಬ್ರೊಸ್ ಹಳ್ಳಿಯಲ್ಲಿ ಹಂದಿ ಕೊಯ್ಯುವ ದಿನವೆಂದರೆ ಗಂಡಸರಿಗೆ ಹಬ್ಬ. ಬೆಳಕು ಹರಿಯುತ್ತಲೇ ಅಂಗಳದಲ್ಲಿ ಸೇರಿ, ಪ್ಲಮ್ ಹಣ್ಣಿನ ಸಾರಾಯಿಯನ್ನು ಒಂದೊಂದು ಗುಟುಕು ಏರಿಸಿ, ಹಗ್ಗ ಹಿಡಿದು ಎಳೆದಾಡಿ ಕೂಗಾಡಿ, ಹತ್ತು ಗಂಟೆಗೆಲ್ಲ ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡುಬಿಡುತ್ತಾರೆ. ಹೆಂಗಸರಿಗೆ ಕೆಲಸ ಶುರುವಾಗುವುದೇ ಆಗ. ನೆತ್ತರು ಹೆಪ್ಪುಗಟ್ಟದಂತೆ ಕಲಕಬೇಕು, ಕರುಳನ್ನು ಹೊಳೆಗೆ ಒಯ್ದು ತೊಳೆಯಬೇಕು, ಕೊಬ್ಬು ಕರಗಿಸಬೇಕು, ಸಾಯಂಕಾಲದೊಳಗೆ ಇಡೀ ವರ್ಷದ ಮಾಂಸವನ್ನು ಉಪ್ಪಿಗೆ ಹಾಕಬೇಕು. ಉಪ್ಪುತೊಟ್ಟಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿಗೆ ಇಳಿಯುವ ಮೊದಲು ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ಒಬ್ಬೊಬ್ಬ ಹೆಂಗಸನ್ನೂ ಒಂದೇ ಮಾತು ಕೇಳುತ್ತಾಳೆ.

"ದಿನ ಸರಿಯಿದೆಯೇನೆ?"

ಮುಟ್ಟಾದವಳು ಕೆಳಗಿಳಿದರೆ ಮಾಂಸ ಕೆಡುತ್ತದೆ, ಪೀಪಾಯಿಯ ವೈನು ಹುಳಿಯಾಗುತ್ತದೆ, ಜಾಡಿಯಲ್ಲಿ ಹಾಕಿಟ್ಟ ಸೌತೆಮಿಡಿ ಮೆತ್ತಗಾಗುತ್ತದೆ. ಇದನ್ನು ಯಾರೂ ಯಾರಿಗೂ ವಿವರಿಸಿ ಹೇಳಿದ್ದಿಲ್ಲ. ಮುಟ್ಟಿದ್ದವಳು "ಇವತ್ತು ನಾನು ಹೊಳೆಗೆ ಹೋಗ್ತೀನಿ" ಎಂದು ಕರುಳಿನ ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಾಳೆ. ಹತ್ತು ಜನರ ಮುಂದೆ ಅವಳ ಮೈಯ ಗುಟ್ಟು ರಟ್ಟಾದಂತಾಯಿತು ನಿಜ, ಆದರೆ ಅದಕ್ಕೆ ಲಾ ಬ್ರೊಸ್‌ನಲ್ಲಿ ಯಾರೂ ನಾಚುತ್ತಿರಲಿಲ್ಲ.

ಸಿದೊನಿ ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಮೂರು ಊರಿನಾಚೆಯ ಬಡ ಗೇಣಿದಾರನ ಮಗಳು. ಮಾತು ಕಮ್ಮಿ, ಕೆಲಸ ಜಾಸ್ತಿ. ಗಂಡ ಒಕ್ತಾವ್ ಎತ್ತಿನಂಥ ಮನುಷ್ಯ: ದುಡಿಯುತ್ತಿದ್ದ, ಉಣ್ಣುತ್ತಿದ್ದ, ಅಮ್ಮ ಹೇಳಿದ್ದಕ್ಕೆ ಹೂಂಗುಡುತ್ತಿದ್ದ. ಮನೆ ನಡೆಯುತ್ತಿದ್ದದ್ದೆಲ್ಲ ಅವನ ಅಮ್ಮ ಉರ್ಸುಲ್‌ಳ ಕೈಯಲ್ಲಿ. ಊರಿಗೆಲ್ಲ ಆಕೆ ಉರ್ಸುಲಮ್ಮ. ತೆಳ್ಳಗಿನ ಮೈ, ಚೂಪು ಮೂಗು, ಸೊಂಟದಲ್ಲಿ ನೆಲಮಾಳಿಗೆಯ ಕೀಲಿಕೈ. ಆ ಮೂಗಿನ ಬಗ್ಗೆ ಆಕೆಗೆ ಎಲ್ಲಿಲ್ಲದ ಜಂಬ. ಹಾಲು ಒಡೆಯುವ ಮೊದಲೇ, ಬೆಣ್ಣೆ ಕಮಟುವ ಮೊದಲೇ ತನ್ನ ಮೂಗಿಗೆ ತಿಳಿಯುತ್ತದೆ ಎನ್ನುತ್ತಿದ್ದಳು. ಮೂವತ್ತು ವರ್ಷದ ಯಜಮಾನಿಕೆಯಲ್ಲಿ ಆಕೆಯ ತೊಟ್ಟಿ ಕೆಟ್ಟದ್ದು ಒಂದೇ ಸಲ.

ಆ ಒಂದು ಸಲದ ಕಥೆಯನ್ನು ಉರ್ಸುಲ್ ಸೊಸೆಗೆ ಮದುವೆಯಾದ ವಾರದಲ್ಲೇ ಹೇಳಿದ್ದಳು. ಉರ್ಸುಲ್‌ಳ ಗಂಡನ ತಂಗಿ ಮತಿಲ್ಡ್ ಆಗ ಹದಿನೇಳರ ಹುಡುಗಿ, ಇದೇ ಮನೆಯಲ್ಲಿದ್ದಳು. ಬಾಗಿಲಲ್ಲಿ ಕೇಳಿದಾಗ ದಿನ ಸರಿಯಿದೆ ಎಂದು ಹೇಳಿ ಕೆಳಗಿಳಿದಳು. ನಾಲ್ಕು ವಾರಕ್ಕೆ ತೊಟ್ಟಿಯ ಮಾಂಸವೆಲ್ಲ ಹಸಿರುಗಟ್ಟಿ ನಾರಿತು. ಮತಿಲ್ಡ್ ಶಿಲುಬೆ ಮುಟ್ಟಿ ಆಣೆ ಮಾಡಿದಳು, ತಾನು ಸುಳ್ಳು ಹೇಳಿಲ್ಲವೆಂದು ಅತ್ತಳು, ಕರೆದಳು. ಉರ್ಸುಲ್ ಕರಗಲಿಲ್ಲ. ಮಾತಾಗಿದ್ದ ಮದುವೆ ಮುರಿಯಿತು. ವರ್ಷದ ಅನ್ನ ಕೆಡಿಸಿ ಮೇಲೊಂದು ಸುಳ್ಳು ಹೇಳುವವಳನ್ನು ಯಾರು ಮನೆ ತುಂಬಿಸಿಕೊಂಡಾರು? ವಸಂತದ ಹೊತ್ತಿಗೆ ಮತಿಲ್ಡ್‌ಳನ್ನು ಲಿಯೋನ್ ಪಟ್ಟಣಕ್ಕೆ ಮನೆಗೆಲಸಕ್ಕೆ ಕಳಿಸಿದರು. ಅಣ್ಣನ ಮಣ್ಣಿಗೂ ಅವಳು ಬರಲಿಲ್ಲ.

"ಪಾಪ ಅಂತ ಅನ್ನಿಸ್ಲಿಲ್ವಾ ಅಮ್ಮ ನಿಮ್ಗೆ?" ಎಂದು ಹೊಸ ಸೊಸೆ ಕೇಳಿದ್ದಳು.

"ಅವಳೇ ಮಾಡ್ಕೊಂಡಿದ್ದು. ನಾನ್ಯಾಕೆ ಪಾಪ ಅನ್ಲಿ?" ಎಂದಿದ್ದಳು ಉರ್ಸುಲ್. ಆದರೆ ಆ ಕಥೆಯನ್ನು ವರ್ಷಕ್ಕೆ ಮೂರು ಸಲವಾದರೂ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ.

ಮದುವೆಯಾಗಿ ನಾಲ್ಕು ವರ್ಷವಾದರೂ ಸಿದೊನಿಗೆ ಮಕ್ಕಳಾಗಲಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ರೊಟ್ಟಿ ಸುಡುವ ಒಲೆಯ ಹಿಂದಿನ ದಾರದ ಮೇಲೆ ಪ್ರತಿ ತಿಂಗಳೂ ಸಿದೊನಿಯ ಬಟ್ಟೆ ಒಣಗುತ್ತಿತ್ತು, ಉರ್ಸುಲ್ ಆ ದಾರದ ಮುಂದೆ ಹಾಯುವಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರಿಗಿಂತ ಎರಡು ಬೈಗುಳ ವಾಸಿ ಎಂದು ಸಿದೊನಿಗೆ ಎಷ್ಟೋ ಸಲ ಅನ್ನಿಸಿತ್ತು.

ಮೊದಲ ಮಹಾಯುದ್ಧ ಮುಗಿದು ಹದಿಮೂರು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ದಾರ ಖಾಲಿ ಉಳಿಯಿತು. ಒಂದು ವಾರ, ಎರಡು ವಾರ, ಮೂರು ವಾರ. ಸಿದೊನಿ ಯಾರಿಗೂ ಹೇಳಿರಲಿಲ್ಲ, ದಾರವೇ ಹೇಳಿತ್ತು. ಒಂದು ಮಧ್ಯಾಹ್ನ ಅವಳ ಸೂಪಿನ ಬಟ್ಟಲಲ್ಲಿ ಒಂದು ಮೊಟ್ಟೆ ತೇಲುತ್ತಿತ್ತು. ಅತ್ತೆ ಅತ್ತ ತಿರುಗಿ ಸೌದೆ ಒಟ್ಟುತ್ತಿದ್ದಳು. ಮರುದಿನದಿಂದ ಒಕ್ತಾವ್ ಬಾವಿಯ ನೀರನ್ನು ತಾನೇ ಸೇದಿ ತಂದ. ಭಾನುವಾರ ಅಟ್ಟ ಹತ್ತಿ, ತಾನು ಮಲಗಿದ್ದ ಹಳೇ ತೊಟ್ಟಿಲನ್ನು ಇಳಿಸಿ, ಧೂಳು ಕೊಡವಿ, ಒಲೆಯ ಮುಂದೆ ಕೂತು ಅದರ ಸಡಿಲವಾದ ಕಾಲಿಗೆ ಬೆಣೆ ಹೊಡೆದ. ಬೆಣೆ ಹೊಡೆಯುತ್ತಾ ಸಿಳ್ಳೆ ಹಾಕಿದ. ನಾಲ್ಕು ವರ್ಷದಲ್ಲಿ ಗಂಡನ ಸಿಳ್ಳೆಯನ್ನು ಸಿದೊನಿ ಕೇಳಿದ್ದು ಅದೇ ಮೊದಲು. ತಾನು ಈ ಮನೆಗೆ ನಿಜವಾಗಿ ಸೊಸೆಯಾದದ್ದು ಈಗ ಎಂದುಕೊಂಡು ಸುಖಪಟ್ಟಳು.

ಹಂದಿ ಕೊಯ್ಯುವ ದಿನ ಗೊತ್ತಾಯಿತು. ಚಂದ್ರ ಇಳಿಮುಖವಾಗಿದ್ದ, ನೆಲ ಹೆಪ್ಪುಗಟ್ಟಿತ್ತು, ಉಪ್ಪು ಹಿಡಿಸಲು ಹೇಳಿ ಮಾಡಿಸಿದ ಚಳಿ. ಊರೂರು ತಿರುಗಿ ಹಂದಿ ಕೊಯ್ಯುವ ಸಿಪ್ರಿಯಾನ್ ತನ್ನ ಕತ್ತಿಗಳ ಚೀಲ ಹೊತ್ತು ಬಂದ. ಪಕ್ಕದ ಮನೆಯ ಕ್ಲೆಮಾಂಸ್ ತೋಳು ಮಡಚಿಕೊಂಡೇ ಬಂದಳು. ನೆತ್ತರು ಕಲಕುವುದರಲ್ಲಿ ಆಕೆಯದು ಎತ್ತಿದ ಕೈ, ನಾಲಿಗೆಯೂ ಕೈಯಷ್ಟೇ ಚುರುಕು.

"ಸಾಹೇಬರು ಎದ್ರಾ?" ಎಂದು ಹಂದಿದೊಡ್ಡಿಯ ಕಡೆ ನೋಡಿ ಕೇಳಿದಳು ಕ್ಲೆಮಾಂಸ್. ಕೊಯ್ಯುವ ದಿನ ಹಂದಿಯನ್ನು ಸಾಹೇಬರೆನ್ನುವುದು ವಾಡಿಕೆ.

"ಎದ್ದಿದ್ದಾರೆ. ನಿನ್ನೆಯಿಂದ ಉಪವಾಸ, ಸ್ವಲ್ಪ ಸಿಟ್ಟಲ್ಲಿದ್ದಾರೆ," ಎಂದ ಒಕ್ತಾವ್.

"ಸಿಟ್ಟು ಇಳಿಸೋಕೇ ಬಂದಿದ್ದಾನಲ್ಲ ಸಿಪ್ರಿಯಾನು! ಲೇ ಒಕ್ತಾವ್, ನಿನ್ನ ಹೆಂಡ್ತಿಗೆ ಮಾತ್ರ ಇವತ್ತು ಭಾರ ಎತ್ತಿಸಬೇಡಪ್ಪ. ಮೂಟೆ ಹೊತ್ತವಳ ಮೇಲೆ ಮೂಟೆ ಹೊರಿಸ್ಬಾರ್ದು."

ಎಲ್ಲರೂ ನಕ್ಕರು. ಸಿದೊನಿಯೂ ನಕ್ಕು, ಹಸುಗಳಿಗೆ ಹುಲ್ಲು ಹಾಕಿ ಬರುತ್ತೇನೆಂದು ಕೊಟ್ಟಿಗೆಗೆ ಹೋದಳು. ಬೆಳಗಿನಿಂದ ಸೊಂಟ ಹಿಡಿದಂತಾಗಿತ್ತು, ಚಳಿಗಿರಬೇಕೆಂದುಕೊಂಡಿದ್ದಳು. ಕೊಟ್ಟಿಗೆಯಲ್ಲಿ ಬಗ್ಗಿದಾಗ ತೊಡೆಯ ಮೇಲೆ ಬೆಚ್ಚಗೆ ಇಳಿಯಿತು.

ಹಾಲು ಕರೆಯುವ ಮಣೆಯ ಮೇಲೆ ಕೂತುಬಿಟ್ಟಳು. ಅಂಗಳದಿಂದ ಹಂದಿಯ ಚೀರಾಟ ಕೇಳಿತು, ಆಮೇಲೆ ನಿಂತಿತು. ಈಗ ಹೊರಗೆ ಹೋಗಿ, ಕರುಳಿನ ಬುಟ್ಟಿ ಎತ್ತಿಕೊಂಡು, ನಾನು ಹೊಳೆಗೆ ಹೋಗುತ್ತೇನೆ ಎಂದರೆ ಮುಗಿಯಿತು. ಅಷ್ಟು ಸುಲಭ. ಆ ಒಂದು ಮಾತಿಗೆ ಹನ್ನೊಂದು ಜನ ಕೈಲಿದ್ದ ಕೆಲಸ ನಿಲ್ಲಿಸಿ ತನ್ನ ಮುಖ ನೋಡುತ್ತಾರೆ. ಕ್ಲೆಮಾಂಸ್ ಅಯ್ಯೋ ಎನ್ನುತ್ತಾಳೆ. ಒಕ್ತಾವ್ ಮಾತ್ರ ಏನೂ ಅನ್ನುವುದಿಲ್ಲ, ತಲೆ ಬಗ್ಗಿಸಿಕೊಂಡು ಹಗ್ಗ ಸುತ್ತುತ್ತಾನೆ. ಆ ಬಗ್ಗಿದ ತಲೆಯನ್ನು ನೋಡಲು ಸಿದೊನಿ ಸಿದ್ಧಳಿರಲಿಲ್ಲ. ಒಳಗಿನ ಪಾವಡೆಯ ಅಂಚನ್ನು ಹರಿದು, ಮಡಚಿ ಕಟ್ಟಿಕೊಂಡು ಎದ್ದಳು. ಇವತ್ತೊಂದು ದಿನ ಹೋಗಲಿ, ನಾಳೆ ಗಂಡನಿಗೊಬ್ಬನಿಗೇ ಹೇಳುತ್ತೇನೆ ಎಂದುಕೊಂಡಳು. ಕೆಳಗೆ ಇಳಿಯದಿದ್ದರಾಯಿತು, ಕೊಬ್ಬು ಕರಗಿಸುತ್ತಾ ಒಲೆಯ ಮುಂದೆಯೇ ಇದ್ದುಬಿಡುತ್ತೇನೆ ಎಂದೂ ಅಂದುಕೊಂಡಳು.

ಆದರೆ ಮಧ್ಯಾಹ್ನ ಉರ್ಸುಲ್ ಅವಳ ಹೆಸರು ಹಿಡಿದೇ ಕೂಗಿದಳು. "ಸಿದೊನಿ, ಬಾರೇ! ಈ ವರ್ಷ ಉಪ್ಪು ನಿನ್ನ ಕೈಯಿಂದ. ಬಸುರಿ ಕೈಗೆ ಉಪ್ಪು ಚೆನ್ನಾಗಿ ಹಿಡಿಯುತ್ತೆ."

ಬಾಗಿಲಲ್ಲಿ ಕೀಲಿಕೈ ಹಿಡಿದು ನಿಂತಿದ್ದ ಆ ಗಂಟುಮೋರೆಯ ಹೆಂಗಸು ನಗುತ್ತಿದ್ದಳು. "ನಿನ್ನನ್ನ ಕೇಳೋದೇನು ಬಂತು ಮಣ್ಣು! ಆದ್ರೂ ಪದ್ಧತಿ ಅಂದ್ರೆ ಪದ್ಧತಿ. ದಿನ ಸರಿಯಿದೆಯೇನೆ?"

ಹಿಂದೆ ಕ್ಲೆಮಾಂಸ್ ನಿಂತಿದ್ದಳು. ಅಂಗಳದಲ್ಲಿ ಒಕ್ತಾವ್ ಸಿಳ್ಳೆ ಹಾಕುತ್ತಿದ್ದ.

"ಸರಿಯಿದೆ ಅಮ್ಮ," ಎಂದಳು ಸಿದೊನಿ.

ಕೆಳಗೆ ಓಕ್ ಮರದ ತೊಟ್ಟಿಯ ಮುಂದೆ ಮಂಡಿಯೂರಿ, ಅತ್ತೆ ತೋರಿಸಿಕೊಟ್ಟಂತೆ ತೊಡೆಯ ಮೂಳೆಯ ಬಳಿಯ ನರವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಳಿದ ನೆತ್ತರನ್ನು ಹೊರಡಿಸಿದಳು. ಹಿಡಿ ಹಿಡಿ ಕಲ್ಲುಪ್ಪು ತೆಗೆದು ತಿಕ್ಕಿದಳು. ಚಳಿಗೆ ಒಡೆದ ಬೆರಳ ಸಂದಿಗೆ ಉಪ್ಪಿಳಿದು ಉರಿ ಎದ್ದಿತು. ಉರಿಯಲಿ ಎಂದು ಇನ್ನೂ ಗಟ್ಟಿಯಾಗಿ ತಿಕ್ಕಿದಳು. ಉರ್ಸುಲ್ ಪಕ್ಕದಲ್ಲಿ ನಿಂತು, "ಭೇಷ್, ಹೀಗೆ ತಿಕ್ಕಬೇಕು ನೋಡು," ಎಂದು ಕ್ಲೆಮಾಂಸ್‌ಗೆ ತೋರಿಸಿದಳು. ಮುಚ್ಚಳ ಮುಚ್ಚಿ, ಮೇಲೆ ಕಲ್ಲು ಹೇರಿ, ಬಾಗಿಲಿಗೆ ಬೀಗ ಹಾಕಿದರು. ಇನ್ನು ತೆರೆಯುವುದು ನಲವತ್ತು ದಿನಕ್ಕೆ.

ಆ ನಲವತ್ತು ದಿನ ಸಿದೊನಿ ಪಟ್ಟ ಪಾಡು ಶತ್ರುವಿಗೂ ಬೇಡ. ಮಾಂಸ ಕೆಡುತ್ತದೆ ಎಂಬುದರಲ್ಲಿ ಅವಳಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಅವಳೂ ಲಾ ಬ್ರೊಸ್‌ನಂಥದೇ ಊರಿನ ಮಗಳಲ್ಲವೇ? ಕೆಡುವುದು ಯಾವಾಗ ಎನ್ನುವುದೊಂದೇ ಪ್ರಶ್ನೆ. ಗಂಡನಿಗೆ ನಾಳೆ ಹೇಳುತ್ತೇನೆ ಅಂದುಕೊಂಡದ್ದು ನಾಳೆಯಿಂದ ನಾಳೆಗೆ ಸರಿಯಿತು. ಈಗ ಹೇಳಿದರೆ ಎರಡು ತಪ್ಪು ಒಪ್ಪಬೇಕು, ಮಗುವೂ ಇಲ್ಲ, ಮಾಂಸವೂ ಇಲ್ಲ. ಬಟ್ಟೆಯನ್ನು ಕದ್ದು ಹಳ್ಳದ ನೀರಲ್ಲಿ ಒಗೆದು, ಹುಲ್ಲಿನ ಹಾಸಿಗೆಯ ಕೆಳಗೆ ಹರವಿ, ತನ್ನ ಮೈಶಾಖದಲ್ಲೇ ಒಣಗಿಸಿದಳು. ಒಕ್ತಾವ್ ಪಕ್ಕದಲ್ಲಿ ನಿದ್ದೆ ಹೋಗಿರುತ್ತಿದ್ದ.

ಕೀಲಿಕೈ ಅತ್ತೆಯ ಸೊಂಟದಲ್ಲಿ. ಆದರೆ ಮನೆಯ ಹಿತ್ತಲ ಗೋಡೆಯ ಬುಡದಲ್ಲಿ ನೆಲಮಾಳಿಗೆಗೆ ಗಾಳಿಯಾಡಲು ಒಂದು ಸಣ್ಣ ಕಿಂಡಿಯಿತ್ತು. ಸಿದೊನಿ ದಿನಕ್ಕೊಮ್ಮೆ ಅಲ್ಲಿ ಬಗ್ಗಿ ಮೂಸತೊಡಗಿದಳು. ಒಂದು ದಿನ ಏನೂ ವಾಸನೆಯಿಲ್ಲ. ಇನ್ನೊಂದು ದಿನ ನಾತ ಮೂಗಿಗೆ ಬಡಿದಂತಾಗುತ್ತಿತ್ತು, ನೋಡಿದರೆ ಅದು ಗೊಬ್ಬರದ ಗುಂಡಿಯ ಕಡೆಯಿಂದ ಬೀಸಿದ ಗಾಳಿ. ಮಾರ್ಚ್ ಮೊದಲ ವಾರ ಮಂಜು ಕವಿದು ಹವೆ ಬೆಚ್ಚಗಾಯಿತು. ಆ ವಾರ ಅವಳು ಎರಡು ಹೊತ್ತೂ ಹೋಗಿ ಬಗ್ಗಿದಳು. ಬೇಲಿಯಾಚೆಯಿಂದ ಕ್ಲೆಮಾಂಸ್ ಕಂಡುಬಿಟ್ಟಳು.

"ಅದೇನೇ ಅಲ್ಲಿ ನೆಲಕ್ಕೆ ಮುತ್ತು ಕೊಡ್ತಿದ್ದೀಯ?"

"ಕೋಳಿ ಎಲ್ಲೋ ಕದ್ದು ಮೊಟ್ಟೆ ಇಡ್ತಿದೆ."

"ಕಿಂಡಿಯೊಳಗಾ? ನಿಮ್ಮನೆ ಕೋಳಿಗೂ ನೆಲಮಾಳಿಗೆ ಬೇಕಾಯ್ತಾ! ಮೊದ್ಲು ಮೇಲೇಳು, ಹೊಟ್ಟೇಲಿರೋದಕ್ಕೆ ಒತ್ತುತ್ತೆ."

ಉರ್ಸುಲ್ ಆಗಲೇ ಬಿಳಿ ಉಣ್ಣೆ ತೆಗೆದು ಪುಟ್ಟ ಕಾಲುಚೀಲ ಹೆಣೆಯತೊಡಗಿದ್ದಳು. ಎರಡನೆಯ ತಿಂಗಳ ಮುಟ್ಟೂ ಬಂದು ಹೋಯಿತು.

ನಲವತ್ತನೆಯ ದಿನ ಅತ್ತೆ ಸೊಸೆ ಇಬ್ಬರೇ ಕೆಳಗಿಳಿದರು. ಸಿದೊನಿ ದೀಪ ಹಿಡಿದಿದ್ದಳು. ಉರ್ಸುಲ್ ಕಲ್ಲು ಸರಿಸಿ, ಮುಚ್ಚಳ ಎತ್ತಿ, ಉಪ್ಪುನೀರಿನಿಂದ ಮೊದಲ ತೊಡೆಯನ್ನು ಎತ್ತಿ ಹಲಗೆಯ ಮೇಲಿಟ್ಟಳು. ಜೇಬಿನಿಂದ ಕುದುರೆ ಮೂಳೆಯ ಉದ್ದ ಸೂಜಿ ತೆಗೆದು ಸೀದಾ ಮೂಳೆಯ ಪಕ್ಕಕ್ಕೆ ಚುಚ್ಚಿದಳು. ಮಾಂಸ ಮೊದಲು ಕೆಡುವುದು ಅಲ್ಲೇ. ಸೂಜಿ ಹೊರಗೆಳೆದು ಮೂಗಿಗೆ ಹಿಡಿದಳು.

ಉರ್ಸುಲ್ ಸೂಜಿಯನ್ನು ಸೊಸೆಯ ಮೂಗಿಗೆ ಹಿಡಿದಳು.

ಹಸಿ ಆಕ್ರೋಡಿನ ತಿರುಳಿನಂಥ ಘಮ. ತುಸು ಸಿಹಿ. ಎರಡನೆಯ ತೊಡೆಯೂ ಹಾಗೆಯೇ, ಭುಜದ ಮಾಂಸವೂ ಹಾಗೆಯೇ. ಅಡಿಯಲ್ಲಿದ್ದ ಕೊಬ್ಬಿನ ಪಟ್ಟಿಗಳು ಹಾಲಿನಂತೆ ಬೆಳ್ಳಗಿದ್ದವು. ಸಿದೊನಿಗೆ ಅಳು ತಡೆಯಲಾಗಲಿಲ್ಲ.

"ಅಳ್ತೀಯಾ? ಅಳು," ಎಂದಳು ಉರ್ಸುಲ್. "ಈಗ ಹೇಳ್ತೀನಿ ಕೇಳು. ಹತ್ತು ದಿನದ ಹಿಂದೆ ನಿನ್ನ ಹಾಸಿಗೆ ಮಗುಚಿ ಹಾಕ್ದಾಗ ಬಟ್ಟೆ ನೋಡಿದೆ. ತುಟಿ ಪಿಟಕ್ ಅನ್ಲಿಲ್ಲ ನಾನು. ತೊಟ್ಟಿನೇ ಹೇಳ್ಲಿ ಅಂದ್ಕೊಂಡೆ. ಕೆಟ್ಟಿದ್ರೆ ಇವತ್ತೇ ನಿನ್ನ ಗಂಟು ಕಟ್ಟಿ ಗಾಡಿ ಹತ್ತಿಸ್ತಿದ್ದೆ, ಆಣೆ. ಈಗ ನೋಡು, ಇಂಥಾ ಮಾಂಸ ಈ ತೊಟ್ಟೀಲಿ ಎಂದೂ ಬಂದಿಲ್ಲ. ನಾನು ನೋಡಿದ್ದು ಏನೋ ಸ್ವಲ್ಪ ಕಂಡಿರ್ಬೇಕು, ಬಸುರಲ್ಲೂ ಕೆಲವ್ರಿಗೆ ಹಾಗೆ ಆಗುತ್ತೆ. ಮಗು ಇದೆ. ಖಂಡಿತ ಇದೆ."

ಹೂಂ ಅಂದುಬಿಟ್ಟಿದ್ದರೆ ಆ ದಿನವೊಂದು ಕಳೆಯುತ್ತಿತ್ತು. ಆದರೆ ನಲವತ್ತು ದಿನ ಹೊತ್ತ ಭಯ ಒಮ್ಮೆಲೇ ಇಳಿದ ಹಗುರದಲ್ಲಿ ಸಿದೊನಿಗೆ ಇನ್ನೊಂದು ಸುಳ್ಳು ಹೊರುವ ತ್ರಾಣ ಉಳಿದಿರಲಿಲ್ಲ.

"ಮಗು ಇಲ್ಲ ಅಮ್ಮ. ಆವತ್ತು ಬೆಳಿಗ್ಗೇನೇ ಆಗಿತ್ತು. ಆಗಿದ್ದೇ ಕೆಳಗಿಳಿದು ಉಪ್ಪು ಹಚ್ಚಿದೆ. ಕ್ಷಮಿಸಿ."

ಉರ್ಸುಲ್ ಸೊಸೆಯ ಮುಖ ನೋಡಿದಳು, ಮಾಂಸ ನೋಡಿದಳು, ಸೂಜಿಯನ್ನು ಮತ್ತೊಮ್ಮೆ ಮೂಸಿದಳು. ಬೈಯಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಮೆಲ್ಲಗೆ ಕೂತಳು. "ಆದ್ರೂ ಕೆಟ್ಟಿಲ್ಲ," ಎಂದಳು, ತನಗೆ ತಾನೇ. ಆ ಗಳಿಗೆಯಲ್ಲಿ ಆಕೆ ಅದನ್ನು ನುಂಗಿಕೊಳ್ಳುತ್ತಿದ್ದಳೇನೋ. ಇಬ್ಬರೂ ಮಾಂಸ ಒರೆಸಿ, ಹೊಗೆಗೆ ಕಟ್ಟಿ, ಬಾಯಿಗೆ ಬೀಗ ಹಾಕಿಕೊಂಡು ಬದುಕುತ್ತಿದ್ದರೇನೋ. ಅಷ್ಟರಲ್ಲಿ ಸಿದೊನಿ, ಎದೆಯಲ್ಲಿ ಕಪಟವಿಲ್ಲದೆ, ತನಗೆ ಆಗಷ್ಟೇ ಹೊಳೆದದ್ದನ್ನು ಹೇಳಿಬಿಟ್ಟಳು.

"ಹಾಗಾದ್ರೆ ಮತಿಲ್ಡ್ ಸುಳ್ಳು ಹೇಳಿರ್ಲಿಲ್ವೇನೋ ಅಮ್ಮ."

ಉರ್ಸುಲ್‌ಳ ಮುಖ ಕಲ್ಲಾಯಿತು. ಎದ್ದು ನಿಂತಳು.

"ಕೈಗಾಡಿ ತಗೊಂಡ್ಬಾ."

"ಯಾಕಮ್ಮ?"

"ಮಾಂಸ ಕೆಟ್ಟಿದೆ."

"ಈಗ್ತಾನೆ ಮೂಸಿದ್ರಲ್ಲ ಅಮ್ಮ! ನಾನೂ ಮೂಸಿದೆ."

"ಕೆಟ್ಟಿದೆ ಅಂದೆ. ಮುಟ್ಟಾದವಳು ಮುಟ್ಟಿದ್ದು ಕೆಡದೆ ಇರುತ್ತಾ? ನನ್ನ ಮೂಗಿಗೆ ನೆಗಡಿ. ತಗೊಂಡ್ಬಾ ಗಾಡಿ!"

ಸಿದೊನಿ ಅಲುಗಲಿಲ್ಲ. ಉರ್ಸುಲ್ ತಾನೇ ಮೇಲೆ ಹೋಗಿ ಗಾಡಿ ತಂದು, ಐವತ್ತು ದಾಟಿದ ಆ ಒಣಕಲು ಮೈಯಲ್ಲಿ ಎಲ್ಲಿತ್ತೋ ಶಕ್ತಿ, ಎರಡು ತೊಡೆ, ಎರಡು ಭುಜ, ಪಟ್ಟಿ ಪಟ್ಟಿ ಕೊಬ್ಬು, ಎಲ್ಲವನ್ನೂ ಮೆಟ್ಟಿಲು ಹತ್ತಿಸಿ ಹೊತ್ತು ಹಾಕಿದಳು. ಗೊಬ್ಬರದ ಗುಂಡಿಯ ಪಕ್ಕ ಮೊಣಕಾಲುದ್ದ ಅಗೆದು, ಮಾಂಸ ಸುರಿದು, ಮೇಲೆ ಸುಣ್ಣದ ಪುಡಿ ಚೆಲ್ಲಿ ಮಣ್ಣು ಮುಚ್ಚಿದಳು. ಅತ್ತೆ ಹೂಳುತ್ತಿರುವುದು ಏನನ್ನೆಂದು ಸಿದೊನಿಗೆ ಅರ್ಥವಾಯಿತು. ಈ ಮಾಂಸ ಚೆನ್ನಾಗಿದೆಯೆಂದು ಒಪ್ಪಿದರೆ ಇಪ್ಪತ್ತಾರು ವರ್ಷದ ಹಿಂದೆ ಹದಿನೇಳರ ಹುಡುಗಿಯೊಬ್ಬಳನ್ನು ಸುಮ್ಮಸುಮ್ಮನೆ ಮನೆಯಿಂದ ಅಟ್ಟಿದಂತಾಗುತ್ತದೆ. ಅದಕ್ಕಿಂತ ಒಂದು ವರ್ಷ ಬರೀ ಕೋಸಿನ ಸೂಪು ಕುಡಿಯುವುದೇ ಆಕೆಗೆ ಸುಲಭವಾಗಿತ್ತು.

ಹೊಲದಿಂದ ಒಕ್ತಾವ್ ಓಡಿ ಬಂದ. "ಏನಮ್ಮಾ ಇದು? ಏನಾಯ್ತು?"

"ನಿನ್ನ ಹೆಂಡ್ತೀನ ಕೇಳು," ಎಂದು ಉರ್ಸುಲ್ ಸಲಿಕೆ ಒರಗಿಸಿ ಒಳಗೆ ಹೋದಳು.

ಸಿದೊನಿ ಹೇಳಿದಳು. ಮಗು ಇಲ್ಲ ಎಂದಳು, ದಿನ ಸರಿಯಿರಲಿಲ್ಲ ಎಂದಳು. ಒಕ್ತಾವ್ ಅಗೆದ ಮಣ್ಣನ್ನು ಕಾಲಿನಿಂದ ಕೆದಕಿದ.

"ಯಾಕೆ ಸುಳ್ಳು ಹೇಳ್ದೆ?"

"ನೀನು ಸಿಳ್ಳೆ ಹಾಕ್ತಿದ್ಯಲ್ಲ."

ಅವನಿಗೆ ಅದು ಅರ್ಥವಾಯಿತೋ ಇಲ್ಲವೋ. "ಮಾಂಸ ಚೆನ್ನಾಗಿತ್ತು ಒಕ್ತಾವ್," ಎಂದಳು ಅವಳು. "ನಂಬು. ನಾನೇ ಮೂಸಿ ನೋಡ್ದೆ."

"ಅಮ್ಮ ಮೂವತ್ತು ವರ್ಷದಿಂದ ಮೂಸ್ತಿದ್ದಾಳೆ. ನೀನು ಎಷ್ಟು ವರ್ಷದಿಂದ?" ಎಂದ ಅವನು. ಮರುದಿನ ತೊಟ್ಟಿಲು ಅಟ್ಟಕ್ಕೆ ಹೋಯಿತು.

ಈಸ್ಟರ್ ಹಬ್ಬಕ್ಕೆ ಊರಿಗೆಲ್ಲ ಹಂದಿತೊಡೆ, ಇವರ ಮನೆಯಲ್ಲಿ ಆಲೂಗಡ್ಡೆ. ತಮ್ಮ ತಮ್ಮ ಹಂದಿ ಕೊಯ್ದವರು ವಾಡಿಕೆಯಂತೆ ಒಂದೊಂದು ತುಂಡು ಕಳಿಸಿದರು. ಕ್ಲೆಮಾಂಸ್ ತಾನೇ ತಟ್ಟೆ ಹಿಡಿದು ಬಂದಳು. ಬಾಗಿಲು ತೆರೆದ ಸಿದೊನಿ ಕೈಚಾಚಿದಾಗ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, "ನೀನು ಬೇಡಮ್ಮ, ನಿಮ್ಮತ್ತೆ ಕೈಗೇ ಕೊಡ್ತೀನಿ, ಪುಣ್ಯಾತ್ಗಿತ್ತಿ," ಎಂದಳು. ಕೆಟ್ಟದ್ದು ಒಂದು ವರ್ಷದ ಊಟ, ಕೆಡಿಸಿದವಳೆಂಬ ಹೆಸರು ಮಾತ್ರ ಸಿದೊನಿಗೆ ಎಷ್ಟೋ ವರ್ಷ ಅಂಟಿಕೊಂಡಿತು. ಗಾಡಿ ಹತ್ತಿಸುತ್ತೇನೆ ಎಂದು ಆಣೆ ಮಾಡಿದ್ದ ಉರ್ಸುಲ್ ಮಾತ್ರ ಅವಳನ್ನು ತವರಿಗೆ ಕಳಿಸಲಿಲ್ಲ. ಎರಡನೆಯವಳನ್ನೂ ಅಟ್ಟುವ ಧೈರ್ಯ ಅತ್ತೆಗೆ ಇರಲಿಲ್ಲವೆಂದು ಸಿದೊನಿಗೆ ಅನ್ನಿಸಿತು. ಮತಿಲ್ಡ್‌ಳ ಕಥೆಯನ್ನು ಉರ್ಸುಲ್ ಆಮೇಲೆ ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ಹಂದಿ ಕೊಯ್ಯುವ ದಿನ ಬಂದರೆ ಸಿದೊನಿ ಯಾರೂ ಹೇಳುವ ಮೊದಲೇ ಕರುಳಿನ ಬುಟ್ಟಿ ಎತ್ತಿಕೊಂಡು ಹೊಳೆಗೆ ಹೋಗುತ್ತಿದ್ದಳು, ದಿನ ಸರಿಯಿರಲಿ ಬಿಡಲಿ. ಹಿಮದ ನೀರಲ್ಲಿ ಕೈ ಮರಗಟ್ಟುತ್ತಿತ್ತು. ಆ ಘಮವನ್ನು ಮಾತ್ರ ಅವಳು ಮರೆಯಲಿಲ್ಲ. ಊರೆಲ್ಲ ಒಂದಾಗಿ ಹೇಳಿದರೂ ತನ್ನ ಮೂಗು ತನಗೆ ಸುಳ್ಳು ಹೇಳಿರಲಿಲ್ಲ ಎಂದು ಹಲ್ಲು ಕಚ್ಚಿಕೊಂಡು ಬದುಕಿದಳು.

ನಾಲ್ಕು ವರ್ಷದ ಮೇಲೆ ಎಲಿಯಾನ್ ಹುಟ್ಟಿದಳು. ಇನ್ನೊಂದು ಯುದ್ಧ ಬಂತು. ಒಕ್ತಾವ್ ಸೆರೆ ಸಿಕ್ಕಿ, ಐದು ವರ್ಷಕ್ಕೆ ಅರ್ಧ ಮನುಷ್ಯನಾಗಿ ಮರಳಿದ. ಅಷ್ಟರಲ್ಲಿ ಉರ್ಸುಲ್‌ಳ ಮಂಡಿ ಸೋತು ಮೆಟ್ಟಿಲಿಳಿಯಲಾಗದೆ, ಒಂದು ದಿನ ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದಳು. ತಗೋ ಎನ್ನಲಿಲ್ಲ. ಸಿದೊನಿ ತೆಗೆದುಕೊಂಡಳು.

ಆ ವರ್ಷ ನೆಲಮಾಳಿಗೆಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಂತು ಕಾದರು. ಸಿದೊನಿ ಬೀಗ ತೆಗೆದು ಸುಮ್ಮನೆ ಕೆಳಗಿಳಿದಳು.

"ಕೇಳೇ!" ಎಂದಳು ಕ್ಲೆಮಾಂಸ್ ಮೇಲಿನಿಂದ.

"ಕೈ ತೊಳ್ಕೊಂಡು ಬನ್ನಿ, ಸಾಕು."

"ಕೇಳದೆ ನಾನು ಇಳಿಯಲ್ಲಮ್ಮ. ಸರಿ, ನಾನೇ ಹೇಳ್ತೀನಿ. ನನಗೆ ನಿಂತು ಆರು ವರ್ಷ ಆಯ್ತು, ಊರಿಗೆಲ್ಲ ಕೇಳ್ಸಿತಾ?"

ಒಲೆಯ ಬಳಿ ಕುರ್ಚಿಯಲ್ಲಿ ಕೂತಿದ್ದ ಉರ್ಸುಲ್ ಸಾಯಂಕಾಲ ಕೇಳಿದಳು, "ಎಲ್ಲರನ್ನೂ ಕೇಳಿದ್ಯಾ?"

"ಕೇಳಿದೆ ಅ‌ಮ್ಮ," ಎಂದಳು ಸಿದೊನಿ. ಪ್ರತಿ ವರ್ಷವೂ ಅದೇ ಪ್ರಶ್ನೆ, ಅದೇ ಸುಳ್ಳು. ತೊಟ್ಟಿ ಒಂದು ವರ್ಷವೂ ಕೆಡಲಿಲ್ಲ. ಅದೇ ಕಾಲದಲ್ಲಿ ಲಿಯೋನ್‌ನಿಂದ ಒಂದು ಕಾಗದ ಬಂತು. ಮತಿಲ್ಡ್ ಮದುವೆಯಿಲ್ಲದೆ, ಮಕ್ಕಳಿಲ್ಲದೆ, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಸಿದೊನಿ ಗಟ್ಟಿಯಾಗಿ ಓದಿದಳು. ಉರ್ಸುಲ್ ಕೇಳಿ, ಒಲೆಗೆ ಇನ್ನೊಂದು ಸೌದೆ ಹಾಕಲು ಹೇಳಿದಳು.

ಎಲಿಯಾನ್‌ಗೆ ಹದಿನಾಲ್ಕು ತುಂಬಿದ ಚಳಿಗಾಲ, ಹಂದಿ ಕೊಯ್ಯುವ ಬೆಳಿಗ್ಗೆ, ಹುಡುಗಿ ಅಡುಗೆಮನೆಗೆ ಬಂದು ಅಜ್ಜಿಯ ಮುಂದೆಯೇ ಹೇಳಿದಳು. "ಅಮ್ಮಾ, ಇವತ್ತು ನಾನು ಹೊಳೆಗೆ ಹೋಗ್ತೀನಿ. ಕೆಳಗೆ ಬರೋ ಹಾಗಿಲ್ಲ."

ಇದನ್ನು ಅವಳಿಗೆ ಯಾರು ಕಲಿಸಿದರು? ಸಿದೊನಿಯಂತೂ ಕಲಿಸಿರಲಿಲ್ಲ. ಮಗಳ ಕೈಯಲ್ಲಿ ಆಗಲೇ ಕರುಳಿನ ಬುಟ್ಟಿಯಿತ್ತು. ಸಿದೊನಿಯ ಕಣ್ಣಿಗೆ ಹೊಳೆಯ ನೀರಲ್ಲಿ ಮರಗಟ್ಟಿದ ತನ್ನ ಕೈಗಳು ಕಂಡವು. ಈಗ ಬಿಟ್ಟರೆ ಇವಳೂ ಜನ್ಮವಿಡೀ ಆ ಬಾಗಿಲಲ್ಲಿ ತಲೆ ಬಗ್ಗಿಸುತ್ತಾಳೆ. ಬುಟ್ಟಿಯನ್ನು ಕಿತ್ತುಕೊಂಡು, ಉಪ್ಪಿನ ಬೋಗುಣಿಯನ್ನು ಮಗಳ ಕೈಗೆ ಕೊಟ್ಟಳು.

"ಇಳಿ."

"ಅಮ್ಮಾ! ಅಜ್ಜಿ ನೋಡ್ತಿದ್ದಾಳೆ."

"ನೋಡ್ಲಿ."

ಉರ್ಸುಲ್‌ಳ ಬಾಯಿ ತೆರೆಯಿತು. ಆ ಚೂಪು ಮೂಗಿನ ಹೊಳ್ಳೆಗಳು ಅರಳಿದವು. ಸಿದೊನಿ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಕೊನೆಗೆ ಮುದುಕಿ ಬಾಯಿ ಮುಚ್ಚಿ, ಮುಖವನ್ನು ಬೆಂಕಿಯ ಕಡೆಗೆ ತಿರುಗಿಸಿದಳು. ಆ ಸಾಯಂಕಾಲ ಎಲ್ಲರನ್ನೂ ಕೇಳಿದೆಯಾ ಎಂದು ವಿಚಾರಿಸಲಿಲ್ಲ.

ಈಸ್ಟರ್ ದಿನ ತೊಡೆ ಮೇಜಿಗೆ ಬಂತು. ಸಿದೊನಿ ಮೊದಲ ಹೋಳನ್ನು ಕೊಯ್ದು ಅತ್ತೆಯ ತಟ್ಟೆಗೆ ಹಾಕಿದಳು. ಮುದುಕಿ ತಟ್ಟೆ ತಳ್ಳಿಬಿಟ್ಟರೆ ಎಲಿಯಾನ್ ಇನ್ನೆಂದೂ ಆ ಮೆಟ್ಟಿಲಿಳಿಯುವುದಿಲ್ಲ. ಹುಡುಗಿ ಅಜ್ಜಿಯನ್ನೇ ನೋಡುತ್ತಿದ್ದಳು. ಉರ್ಸುಲ್ ಹೋಳನ್ನು ಎತ್ತಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಆಮೇಲೆ ಬಾಯಿಗಿಟ್ಟು, ಇದ್ದ ನಾಲ್ಕು ಹಲ್ಲಿನಲ್ಲಿ ಮೆಲ್ಲಗೆ ಅಗಿದು ನುಂಗಿದಳು.

"ಆ ವರ್ಷಾನೂ ಹೀಗೇ ಇತ್ತು," ಎಂದಳು.

ಒಕ್ತಾವ್ ಚಾಕು ಕೆಳಗಿಟ್ಟ. ಅಮ್ಮನನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಹದಿನೆಂಟು ವರ್ಷದ ಹಿಂದಿನ ಮಾತು ಅದು. ಅವನ ಕಣ್ಣು ತುಂಬಿ ಬಂತು. ಅವನ ಕ್ಷಮೆಯ ಮಾತು ಸಿದೊನಿಗೆ ಈಗ ಬೇಕಿರಲಿಲ್ಲ. ಎದೆಯಲ್ಲಿ ಹೊತ್ತಿದ್ದ ಕಲ್ಲು ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಉರ್ಸುಲ್ ಮತ್ತೆ ಮಾತಾಡಿದಳು.

"ಮತಿಲ್ಡ್‌ಗೊಂದು ತುಂಡು ಕಳಿಸ್ಬೇಕು."

"ಅಮ್ಮಾ, ಮತಿಲ್ಡತ್ತೆ ಹೋಗಿ ನಾಲ್ಕು ವರ್ಷ—" ಎಂದು ಒಕ್ತಾವ್ ಶುರುಮಾಡಿದ. ಸಿದೊನಿ ಅವನ ತೋಳು ಹಿಡಿದು ನಿಲ್ಲಿಸಿದಳು.

ಮೂಳೆಯ ಪಕ್ಕದ ಒಳ್ಳೆಯ ತುಂಡನ್ನೇ ನೋಡಿ ಕೊಯ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ಅತ್ತೆಯ ಮಡಿಲಲ್ಲಿಟ್ಟಳು. ಉರ್ಸುಲ್ ಎರಡೂ ಕೈಯಲ್ಲಿ ಆ ಗಂಟನ್ನು ಹಿಡಿದುಕೊಂಡಳು. ಯಾರಾದರೂ ಬಂದು ಒಯ್ಯುತ್ತಾರೆಂದು ಕತ್ತಲಾಗುವವರೆಗೂ ಬಾಗಿಲ ಕಡೆ ನೋಡುತ್ತಾ ಕೂತಿದ್ದಳು.